ಒಂದು ಪಿನ್ನು, ಎರಡು ಹಾಳೆ

ಶಹಾಪುರ
೬ ಏಪ್ರಿಲ್ ೨೦೨೫

ಗಯಾಸ,

ನಾರಾಯಣಪುರದ ಡ್ಯಾಮಿನಲ್ಲಿ ನಿನ್ನ ಕ್ವಾರ್ಟರ್ಸಿಗೆ ಸಿಗ್ನಲ್ ಸಿಗುವುದಿಲ್ಲವೆಂದು ಇವತ್ತು ಮೊದಲ ಸಲ ಖುಷಿಯಾಗಿದೆ. ಫೋನಿನಲ್ಲಿ ಹೇಳಿದ್ದರೆ ನೀನು "ಹೂಂ, ಆಮ್ಯಾಲ?" ಅಂದು ಮುಗಿಸಿಬಿಡುತ್ತಿದ್ದೆ. ಇದು ಕಾಗದದಲ್ಲೇ ಹೇಳಬೇಕಾದ ಸಂಗತಿ.

ನಮ್ಮ ಝೆರಾಕ್ಸ್ ಅಂಗಡಿಗೆ ಒಬ್ಬರು ಹಳೆಯ ಜಾಗದ ಪತ್ರಗಳ ಕಟ್ಟು ತಂದಿದ್ದರು. ಪ್ರತಿ ತೆಗೆಸಿಕೊಂಡು ಪತ್ರಗಳನ್ನು ಒಯ್ದರು, ಕಟ್ಟಿಗೆ ಸುತ್ತಿದ್ದ ಕಾಗದ ನಮ್ಮಲ್ಲೇ ಬಿಟ್ಟು ಹೋದರು. ಕಸದ ಬುಟ್ಟಿಗೆ ಹಾಕುವ ಮುಂಚೆ ಬಿಡಿಸಿ ನೋಡಿದೆ. ದೊಡ್ಡ ಹಾಳೆ, ನಡುವೆ ಗೆರೆ. ಎಡಕ್ಕೆ ಕನ್ನಡ, ಬಲಕ್ಕೆ ಉರ್ದು. ಮೇಲೆ ಹೀಗಿದೆ: "ಇಬ್ಬರಿಗೂ ಒಂದು ಮಾತು. ಬರೆದವರು ಚನ್ನಮಲ್ಲಯ್ಯ ಮಾಸ್ತರ, ಸುರಪುರ. ಸೋಲಾಪುರದಲ್ಲಿ ಛಾಪಿಸಿದ್ದು, ೧೯೨೬."

ನಮ್ಮ ಕಡೆ ಆಗ ನಿಜಾಮನ ರಾಜ್ಯ. ಇಲ್ಲಿ ಅಚ್ಚು ಹಾಕಿಸುವುದು ಕಷ್ಟವೆಂದು ಆ ಮನುಷ್ಯ ಇಂಗ್ಲಿಷರ ಸೀಮೆಯ ಸೋಲಾಪುರಕ್ಕೆ ಹೋಗಿ ಅಚ್ಚು ಹಾಕಿಸಿಕೊಂಡು ಬಂದಿದ್ದಾನೆ! ನಾವಿಬ್ಬರೂ ಹೈಸ್ಕೂಲಿನಿಂದ ಎಷ್ಟು ಕರಪತ್ರ ಕೂಡಿಟ್ಟೆವು, ಎಷ್ಟು ಸಂಘಗಳ ಭಾಷಣ ಕೇಳಿದೆವು. ಇಂಥ ಮಾತು ಎಲ್ಲಿಯೂ ಸಿಗಲಿಲ್ಲ. ಎಡಗಡೆಯದು ಓದುತ್ತೇನೆ, ಕೇಳು: "ಹಿಂದೂ ಬಾಂಧವರೇ, ದೇವರು ಒಬ್ಬನೆಂದು ಬಾಯಲ್ಲಿ ಹೇಳಿ ನೂರು ಬಾಗಿಲಲ್ಲಿ ನಿಲ್ಲುವಿರಿ. ಬೆಂಕಿಯ ಸುತ್ತ ಕುಣಿದು ಕೂಡುವುದು ಕೂಟವಲ್ಲ. ವಿಚಾರದಿಂದ ಕೂಡಿರಿ. ಮೊದಲು ನಿಮ್ಮ ಅಂಗಳ ಗುಡಿಸಿರಿ, ಆಮೇಲೆ ನಡುವಿನ ಗೋಡೆ ತೆಗೆಯಿರಿ."

ಬೆಂಕಿಯೆಂದರೆ ನಮ್ಮೂರ ಅಲಾಯಿಯೇ ಅಂತಿಟ್ಟುಕೋ. ಪ್ರತಿ ಮೊಹರಮ್ಮಿಗೆ ನಮ್ಮಪ್ಪ ಬೆಂಕಿಗೆ ಕುಣಿ ಅಗೆಯುವುದು, ನಿಮ್ಮಪ್ಪ ಲೋಬಾನದ ಧೂಪ ಹಾಕುವುದು, ಹಿತ್ತಾಳೆಯ ಕೈಗಳನ್ನು ದೇವರೆಂದು ಎತ್ತಿಕೊಂಡು ಇಡೀ ಊರು ಕೆಂಡದ ಸುತ್ತ ಹೆಜ್ಜೆ ಹಾಕುವುದು. ಚಿಕ್ಕಂದಿನಿಂದ ಇದು ನನಗೆ ಸರಿ ಕಂಡಿರಲಿಲ್ಲ. ಯಾಕೆಂದು ಹೇಳಲು ಬರುತ್ತಿರಲಿಲ್ಲ. ಮಾಸ್ತರರು ಸುಮಾರು ನೂರು ವರ್ಷದ ಹಿಂದೆಯೇ ಹೇಳಿಬಿಟ್ಟಿದ್ದಾರೆ.

ಬಲಗಡೆಯ ಉರ್ದು ನನಗೆ ಬಾರದು. ಇದೇ ಮಾತಿನ ಅನುವಾದ ಇರಬೇಕು. ತುಂಡು ತುಂಡಾಗಿ ಪ್ರತಿ ತೆಗೆದು ಇಟ್ಟಿದ್ದೇನೆ. ಕನ್ನಡ ಮಾಡಿ ಕಳಿಸು. ಮೊಹರಮ್ಮಿನ ಒಳಗೆ ಐದುನೂರು ಪ್ರತಿ ಹಂಚಬೇಕು.

ನಿದ್ದೆ ಬಿಟ್ಟವನು,
ಚೇತನಕುಮಾರ


ನಾರಾಯಣಪುರ
೧೯ ಏಪ್ರಿಲ್

ಚೇತನ,

ನಿನ್ನ ಕಾಗದ ಸಿಕ್ಕಿತು. ಉರ್ದು ನನಗೂ ಓದಲು ಬರುವುದಿಲ್ಲವೆಂಬುದು ನಿನಗೆ ಮರೆತುಹೋಗಿದೆ. ಮನೆಯಲ್ಲಿ ಮಾತಾಡುತ್ತೇವೆ, ಅಷ್ಟೆ. ಶಾಲೆಯಲ್ಲಿ ನಾನು ನಿನ್ನ ಬೆಂಚಿನಲ್ಲೇ ಕೂತು ಅ ಆ ಇ ಈ ಕಲಿತವನಲ್ಲವೇ? ನಮ್ಮ ಮನೆಯಲ್ಲಿ ಉರ್ದು ಓದುವವಳು ದಾದಿ, ಅಬ್ಬಾನ ತಾಯಿ, ಒಬ್ಬಳೇ. ರಜೆಯ ದಿನ ಊರಿಗೆ ಹೋಗಿ ಅವಳಿಂದ ಓದಿಸಿದೆ. ಅವಳು ಓದಿದಳು, ನಾನು ಕನ್ನಡದಲ್ಲಿ ಬರೆದುಕೊಂಡೆ. ಹಾಳೆ ಇದರೊಳಗಿದೆ.

ಅದು ಅನುವಾದವಲ್ಲ. ಅಲ್ಲಿ ನಮ್ಮವರಿಗೆ ಬೇರೆಯೇ ಮಾತಿದೆ: "ನಿಮ್ಮ ಕಿತಾಬಿನಲ್ಲಿ ಇಲ್ಲದ್ದನ್ನು ಮಾಡಿ ನೆರೆಯವನನ್ನೂ ಅದರೊಳಗೆ ಎಳೆಯಬೇಡಿರಿ. ಅವನನ್ನು ಮರ್ಯಾದೆಯಿಂದ ಮನೆಗೆ ಕಳಿಸಿರಿ." ಕೆಳಗೆ, ಎರಡು ಕಾಲಮ್ಮಿಗೂ ಅಡ್ಡಲಾಗಿ, ಎರಡೂ ಲಿಪಿಯಲ್ಲಿ ಒಂದು ಸಾಲಿದೆ: "ಇಬ್ಬರೂ ಕೂಡಿ ಓದಿರಿ, ಬೇರೆ ಬೇರೆ ಓದಬೇಡಿರಿ."

ಓದಿ ಮುಗಿಸಿ ದಾದಿ ಕನ್ನಡಕ ತೆಗೆದು ಅಂದಳು: "ಮನಶ್ಯಾ ಚೊಲೋ ಇದ್ದಾನ ಬೇಟಾ. ಆದ್ರ ಇಂವಾ ಎಂದೂ ಮೊಹರಮ್ಮಿನ ಚೊಂಗೆ ತಿಂದಾಂವ ಅಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ.

ಇದನ್ನು ಅಚ್ಚು ಹಾಕುವುದು ಬೇಡ ಅನಿಸುತ್ತದೆ. ಯಾಕೆಂದು ಕೇಳಿದರೆ ಬರೆಯಲು ಬಾರದು. ದಿನಕ್ಕೆ ಎರಡು ಸಲ ನೀರಿನ ಮಟ್ಟ ಬರೆಯುವುದು ನನ್ನ ಕೆಲಸ. ಅಷ್ಟನ್ನೇ ನೆಟ್ಟಗೆ ಬರೆಯಬಲ್ಲೆ.

ನಿನ್ನ,
ಗಯಾಸ


ಶಹಾಪುರ
೪ ಮೇ

ಗಯಾಸ,

ಅನುವಾದವಲ್ಲವೆಂದು ತಿಳಿದು ಒಂದು ದಿನ ತಲೆ ಕೆಟ್ಟಿತು. ಎರಡನೆಯ ದಿನ ತಿಳಿಯಾಯಿತು. ಎಂಥ ನ್ಯಾಯ ನೋಡು! ಅವರಿಗೆ ಅವರ ತಪ್ಪು, ಇವರಿಗೆ ಇವರ ತಪ್ಪು. ಇಬ್ಬರನ್ನೂ ಮುದ್ದು ಮಾಡದೆ ಇಬ್ಬರಿಗೂ ಬೈದವನು ಆತನೊಬ್ಬನೇ. ನೀನು "ಬೇಡ" ಅಂದೆ, ಆದರೆ ಕಾರಣ ಕೊಡಲಿಲ್ಲ. ಕಾರಣ ಕೊಡದ ಮಾತನ್ನು ನಾವು ಯಾವತ್ತು ಒಪ್ಪಿದ್ದೇವೆ?

ಹೋದ ಭಾನುವಾರ ಸುರಪುರಕ್ಕೆ ಹೋಗಿ ಮಾಸ್ತರರ ಮನೆ ಹುಡುಕಿದೆ. ಗುಡ್ಡದ ಕೆಳಗಿನ ಓಣಿಯಲ್ಲಿ ಮೌನಮ್ಮ ಎಂಬ ಮುದುಕಿ ಇದ್ದಾರೆ, ಮಾಸ್ತರರ ಮೊಮ್ಮಗನ ಹೆಂಡತಿ. ಹೆಸರಷ್ಟೇ ಮೌನ. ನಾನು ಚಪ್ಪಲಿ ಬಿಡುವುದರೊಳಗೆ ಶುರುಮಾಡಿದರು.

"ಮುತ್ಯಾನ ಸುದ್ದಿ ಕೇಳಾಕ ಬಂದೀರೇನು? ಸರಕಾರದಿಂದ ಏನರ ಬರ್ತದೇನು?"

"ಇಲ್ಲಮ್ಮ, ಅವರ ವಿಚಾರ..."

"ವಿಚಾರ! ಅದೊಂದ ಇತ್ತು ನೋಡ್ರಿ ಮನ್ಯಾಗ. ಅಲಾಯಿ ಬಂದ್ರ ಹತ್ತು ದಿನ ಬಾಗಲಾ ಹಾಕ್ಕೊಂಡು ಬರಕೋತ ಕುಂಡರ್ತಿದ್ನಂತ. ಮುತ್ಯಾನ ಹೇಣ್ತಿ ಹಿತ್ತಲ ಬಾಗಲದಿಂದ ಹೋಗಿ ಚೊಂಗೆ ಇಸಗೊಂಡು ಬರ್ತಿದ್ಳಂತ. ಇಂವಾ ಉಣ್ಣೂ ಮುಂದ 'ಇದೇನದ?' ಅಂದ್ರ 'ಸಿಹಿ ಚಪಾತಿ' ಅಂತಿದ್ಳು. ತಿಂದು 'ಭಾಳ ಚೊಲೋ ಆಗ್ಯಾದ' ಅಂತಿದ್ನಂತ."

ಮಾಸ್ತರರನ್ನು ಆಕೆ ಆಡಿಕೊಂಡಂತೆ ನನಗೆ ಅನಿಸಿತು. ಮನೆಯವರಿಗೆ ಅವರ ದೊಡ್ಡತನ ತಿಳಿದಿಲ್ಲ ಅಂದುಕೊಂಡು ಎದ್ದೆ. ಆದರೆ ಬಸ್ಸಿನಲ್ಲಿ ಕೂತಾಗಲೂ ಅದೇ ಮಾತು ಕಿವಿಯಲ್ಲಿತ್ತು. ಮಾಸ್ತರರಿಗೆ ಗೊತ್ತಿತ್ತೋ ಇಲ್ಲವೋ? ಗೊತ್ತಿದ್ದೂ ತಿಂದಿದ್ದರೆ ಏನರ್ಥ?

ನಿನ್ನ ದಾದಿಗೆ ಹೇಳು, ಅವರು ಚೊಂಗೆ ತಿಂದಿದ್ದರಂತೆ.

ಗೊಂದಲವಾದರೂ ಹಿಂದೆ ಸರಿಯದ,
ಚೇತನ


ನಾರಾಯಣಪುರ
೧೧ ಮೇ
(ಅಂಚೆ ಕಾರ್ಡು)

ಚೇತನ, ದಾದಿಗೆ ಹೇಳಿದೆ. "ತಿಂದೂ ಹಂಗ ಬರದಾನಂದ್ರ ಇನ್ನೂ ಕೆಟ್ಟದು" ಅಂದಳು. ಅಚ್ಚು ಹಾಕಬೇಡ. ಆ ಬಲಗಡೆಯ ಹಾಳೆಯ ಅಕ್ಷರ ನನ್ನದು. ನನ್ನ ಕೈ ಅದರಲ್ಲಿದೆ. ಬೇಡ. ಗಯಾಸ.


ಶಹಾಪುರ
೩೦ ಮೇ

ಗಯಾಸ,

ಅಚ್ಚು ಹಾಕಿದೆ.

ಸಿಟ್ಟು ಮಾಡಿಕೋ, ಆದರೆ ಪೂರ್ತಿ ಓದು. ಅಷ್ಟು ದೊಡ್ಡ ಹಾಳೆ ನಮ್ಮ ಅಂಗಡಿಯ ಮಶಿನ್ನಿಗೆ ಹೋಗುವುದಿಲ್ಲ. ಎ-ಫೋರ್ ಮಾತ್ರ. ಅದಕ್ಕೆ ಎಡಗಡೆಯದು ಒಂದು ಹಾಳೆ, ನೀನು ಬರೆದು ಕಳಿಸಿದ ಬಲಗಡೆಯದು ಇನ್ನೊಂದು ಹಾಳೆ ಮಾಡಿ, ಎರಡಕ್ಕೂ ಮೂಲೆಯಲ್ಲಿ ಪಿನ್ನು ಹೊಡೆದೆ. ಕೆಳಗಿನ ಅಡ್ಡಸಾಲು ಎಲ್ಲಿಯೂ ಹೊಂದಲಿಲ್ಲ, ಬಿಟ್ಟೆ. ಕೂಡಿ ಓದಿರಿ ಎಂದು ಬಾಯಿಬಿಟ್ಟು ಹೇಳುವುದೇಕೆ, ಪಿನ್ನೇ ಹೇಳುತ್ತದಲ್ಲ. ಹಳೆಯ ಮಾತುಗಳನ್ನು ಇವತ್ತಿನವರಿಗೆ ತಿಳಿಯುವ ಹಾಗೆ ಸ್ವಲ್ಪ ತಿದ್ದಿದೆ. "ಬೆಂಕಿಯ ಸುತ್ತ ಕುಣಿಯುವುದು" ಇದ್ದಲ್ಲಿ "ಅಲಾಯಿ" ಎಂದೇ ಹಾಕಿದೆ.

ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಇನ್ನೂರು ಹಂಚಿದೆ. ನಮ್ಮೂರ ಸಂತೆಯಲ್ಲಿ ಉಳಿದದ್ದು. ಮೆಣಸಿನಕಾಯಿ ಮಾರುವವಳು ಒಂದು ಇಸಿದುಕೊಂಡು "ಲಗ್ನದ ಕಾಗದೇನಪ?" ಅಂದಳು. ನಾನು ಅವಳಿಗೆ ಅರ್ಧ ತಾಸು ವಿವರಿಸಿದೆ. ಕೊನೆಗೆ ಅವಳು ಅದರಲ್ಲೇ ಬೇರೆಯವರಿಗೆ ಮೆಣಸಿನಕಾಯಿ ಕಟ್ಟಿಕೊಟ್ಟಳು. ಇರಲಿ. ವಿಚಾರ ಹೇಗೆ ಹೋದರೂ ಮನೆ ಮುಟ್ಟುತ್ತದೆ.

ನೀನು ನನ್ನ ಜೊತೆ ನಿಲ್ಲಬೇಕಿತ್ತು. ನಾನೊಬ್ಬನೇ ಹಂಚಿದೆ. ಅದೊಂದೇ ಕೊರತೆ.

ನಿನ್ನ ಉತ್ತರಕ್ಕೆ ಕಾದಿರುವ,
ಚೇತನ


ನಮ್ಮೂರು
೧೪ ಜೂನ್

ಗಯಾಸ,

ಎರಡು ವಾರವಾಯಿತು, ನಿನ್ನಿಂದ ಒಂದು ಕಾರ್ಡೂ ಇಲ್ಲ. ಆದರೂ ಬರೆಯುತ್ತೇನೆ. ಬೇರೆ ಯಾರಿಗೆ ಬರೆಯಲಿ?

ಪಿನ್ನು ಬಿಚ್ಚಿಹೋಗಿದೆ. ಐದುನೂರೂ.

ಮೊನ್ನೆ ನಮ್ಮೂರ ಅರುಣಕುಮಾರ, ಯುವಕರ ಸಂಘದವನು, ಕಟ್ಟೆಯ ಮೇಲಿಂದ ಕರೆದ. ಎಂಟನೇ ಕ್ಲಾಸಿನಿಂದ ನನ್ನನ್ನು "ಏ ಭಾಷಣ" ಅಂತ ಕರೆಯುವವನು, ಮೊದಲ ಸಲ ಹೆಸರು ಹಿಡಿದು ಕರೆದ. "ಚೇತನಕುಮಾರ, ಬಾರೋ, ಭಾಳ ಚೊಲೋ ಕೆಲಸ ಮಾಡಿದಿ. ಅಲಾಯಿಗಿ ನಮ್ಮವರು ಹೋಗಬಾರದು ಅಂತ ನಾವು ಎಷ್ಟು ಬಡಕೊಂಡ್ರೂ ಯಾರೂ ಕೇಳಿದ್ದಿಲ್ಲ. ನೀ ಒಬ್ಬ ಹಳೇ ಶರಣರ ಮಾತೇ ತಂದಿ." ಅವನ ಫೋನಿನಲ್ಲಿ ನನ್ನ ಮೊದಲ ಹಾಳೆಯ ಫೋಟೋ ಇತ್ತು, ಕೆಂಪು ಬಣ್ಣದ ಚೌಕಟ್ಟು ಹಾಕಿ.

"ಇನ್ನೊಂದು ಹಾಳಿ ಎಲ್ಲೈತಿ?" ಅಂದೆ.

"ಅದು ಅವರದು. ನಮಗ್ಯಾಕ?"

ಎರಡನೆಯ ಹಾಳೆ ಎಲ್ಲಿದೆಯೆಂದು ಆಮೇಲೆ ತಿಳಿಯಿತು. ಯಾದಗಿರಿಯಿಂದ ಯೂನುಸನೆಂಬ ಧರ್ಮಪ್ರಚಾರಕ ಬಂದು ಮಸೀದಿಯಲ್ಲಿ ಅದನ್ನು ಓದಿ ಹೇಳಿದನಂತೆ. ಬೇರೆಯವರನ್ನು ಕರೆದು ಹೀಗೆ ಹಬ್ಬ ಮಾಡುವುದು ಧರ್ಮವಲ್ಲವೆಂದು ಒಬ್ಬ ಹಿಂದೂ ಮಾಸ್ತರನಿಗೇ ತಿಳಿದಿತ್ತು, ನಿಮಗೆ ತಿಳಿಯದೇ ಅಂದನಂತೆ. ನಿಮ್ಮ ಅಬ್ಬಾ ಅಲ್ಲೇ ಕೂತಿದ್ದರಂತೆ.

ನನ್ನ ಶತ್ರುಗಳೆಂದುಕೊಂಡವರೆಲ್ಲ ನನ್ನನ್ನು ಹೊಗಳುತ್ತಿದ್ದಾರೆ. ಹೊಗಳಬೇಕಾದ ನೀನು ಸುಮ್ಮನಿದ್ದೀ. ನಾನು ಎಲ್ಲಿ ನಿಂತಿದ್ದೇನೆ ನನಗೇ ತಿಳಿಯದು.

ಇನ್ನು ಮುಖ್ಯ ಸಂಗತಿ. ನಿನ್ನೆ ಊಟಕ್ಕೆ ಕೂತಾಗ ಅಪ್ಪ ಕೇಳಿದ. ಅಪ್ಪನಿಗೆ ಓದಲು ಬಾರದು, ನಿನಗೆ ಗೊತ್ತು. ಗುದ್ದಲಿ ಹಿಡಿದ ಕೈ, ಸಹಿ ಹಾಕಲು ಇವತ್ತಿಗೂ ಹೆಬ್ಬೆಟ್ಟು.

"ಊರಾಗೆಲ್ಲ ನಿನ್ನ ಕಾಗದದ್ದೇ ಮಾತು. ನನಗ ಒಂದ ಹೇಳು. ಅದರಾಗ ಬರದದ್ದು ಖರೇನೋ, ಸುಳ್ಳೋ?"

ಏನು ಹೇಳಬೇಕಿತ್ತು ಗಯಾಸ? ಅಚ್ಚು ಹಾಕಿಸಿದವನು ನಾನು.

"ಖರೇ ಅಪ್ಪ" ಅಂದೆ.

ಅಪ್ಪ ತಾಟಿನಲ್ಲಿದ್ದ ರೊಟ್ಟಿ ಮುಗಿಸಿದ, ನೀರು ಕುಡಿದ. "ಹಂಗಾರ ಈ ವರ್ಷ ನಾ ಗುದ್ದಲಿ ಹಾಕಂಗಿಲ್ಲ" ಅಂದ. ಇನ್ನೊಂದು ರೊಟ್ಟಿ ಬೇಡ ಅನ್ನುವಷ್ಟೇ ಸರಳವಾಗಿ. ಸಿಟ್ಟಿಲ್ಲ, ಬೇಸರವಿಲ್ಲ. ಮಗ ಓದಿದ್ದಾನೆ, ಹೇಳಿದ್ದಾನೆ, ಮುಗಿಯಿತು.

ಪದ್ಧತಿ ನಿನಗೂ ಗೊತ್ತು. ಚಂದ್ರ ಕಂಡ ಸಂಜೆ ನಮ್ಮ ಮನೆಯ ಗುದ್ದಲಿ ಮೊದಲು ಬೀಳಬೇಕು. ಅದು ಬೀಳದಿದ್ದರೆ ಕುಣಿ ಇಲ್ಲ. ಕುಣಿ ಇಲ್ಲದಿದ್ದರೆ ಬೆಂಕಿ ಇಲ್ಲ, ದೇವರು ಪೆಟ್ಟಿಗೆಯಿಂದ ಹೊರಗೆ ಬರುವುದೇ ಇಲ್ಲ. ಬೇರೆ ಮನೆಯವರು ಅಗೆಯುವಂತಿಲ್ಲ. ಇಷ್ಟು ವರ್ಷ ನಡೆದದ್ದು ಚಂದ್ರ ಕಾಣುವ ಈ ತಿಂಗಳ ಇಪ್ಪತ್ತಾರಕ್ಕೆ ನಿಲ್ಲುತ್ತದೆ. ಅರುಣಕುಮಾರನಿಂದ ಆಗದ್ದು, ಯೂನುಸನಿಂದ ಆಗದ್ದು, ನನ್ನ ಒಂದು "ಖರೇ" ಎಂಬ ಮಾತಿನಿಂದ.

ಮಾಸ್ತರರು ಗೆದ್ದರು. ನಾನು ಖುಷಿಪಡಬೇಕು.

ಬರೆ. ಬೈದಾದರೂ ಬರೆ.

ಚೇತನ


ನಾರಾಯಣಪುರ
೨೦ ಜೂನ್

ಚೇತನ,

ಬರೆಯಬಾರದೆಂದೇ ಇದ್ದೆ. ಮೂರು ಸಲ ಬರೆದು ಹರಿದೆ.

ಯೂನುಸ ಬಂದು ಹೋದ ಮರುದಿನ ಅಬ್ಬಾ ಇಲ್ಲಿಯ ಆಫೀಸಿನ ಫೋನಿಗೆ ಮಾಡಿದ. ನನ್ನನ್ನು ಕರೆಸಿದರು. ಸಾಹೇಬರ ಮುಂದೆ ನಿಂತು ಮಾತಾಡಬೇಕಾಯಿತು. "ಆ ಕಾಗದ ನೀ ಬರಕೊಟ್ಟದ್ದಂತ. ದಾದಿ ಹೇಳಿದ್ಳು. ಅದರಾಗ ಇದ್ದದ್ದು ಬರೋಬ್ಬರಿ ಅದನೋ ಇಲ್ಲೋ?" ಅಂದ. ನಿನ್ನಪ್ಪ ಕೇಳಿದ್ದನ್ನೇ ನನ್ನಪ್ಪನೂ ಕೇಳಿದ ನೋಡು.

ನಾನು ಹೇಳಿದೆ: "ಇಲ್ಲ ಅಬ್ಬಾ, ನಾ ಬರಕೊಳ್ಳೂ ಮುಂದ ತಪ್ಪು ಮಾಡೇನಿ. ಮೂಲದಾಗ ಹಂಗಿಲ್ಲ."

ಸುಳ್ಳು ಹೇಳಿದೆ. ಅಬ್ಬಾ "ಹಂಗಾ" ಅಂದು ಇಟ್ಟುಬಿಟ್ಟ. ನಂಬಿದನೋ, ನಂಬಿದಂತೆ ಮಾಡಿದನೋ ಗೊತ್ತಿಲ್ಲ. ಅಲಾಯಿ ಮಾಡುತ್ತಾನೆ, ಅಷ್ಟು ಗೊತ್ತು.

ನೀನು ನಿಜ ಹೇಳಿದೆ. ನಾನು ಸುಳ್ಳು ಹೇಳಿದೆ. ಮಾಸ್ತರ ಬದುಕಿದ್ದರೆ ನಮ್ಮಿಬ್ಬರಲ್ಲಿ ಯಾರನ್ನು ತನ್ನವನೆನ್ನುತ್ತಿದ್ದ? ನೀನು ಥಟ್ಟನೆ "ನನ್ನನ್ನು" ಅನ್ನುತ್ತೀ. ಅನ್ನುವ ಮೊದಲು ಸ್ವಲ್ಪ ತಡೆ.

ನೀನು ನನ್ನ ಅಕ್ಷರ ತೆಗೆದುಕೊಂಡೆ, ನನ್ನ "ಬೇಡ" ಬಿಟ್ಟೆ. ಇದರ ಬಗ್ಗೆ ಇನ್ನು ಏನೂ ಬರೆಯುವುದಿಲ್ಲ.

ನಿನ್ನಪ್ಪನಿಗೆ ಸುಳ್ಳು ಹೇಳು ಎಂದು ನಾನು ಹೇಳಲಾರೆ. ಅದು ನಿನ್ನಿಂದ ಆಗುವುದೂ ಇಲ್ಲ. ಮೇಲಿನಿಂದ ನೀರು ಬರುತ್ತಿದೆ, ರಜೆ ಕೊಡುವುದಿಲ್ಲ. ಚಂದ್ರ ಕಂಡ ಸಂಜೆ ನಾನು ಅಲ್ಲಿರುವುದಿಲ್ಲ. ಆದದ್ದನ್ನು ಆದಂತೆಯೇ ಬರೆ. ಮಾಸ್ತರರ ಮಾತು ಬೆರೆಸಬೇಡ.

ಗಯಾಸ


ನಮ್ಮೂರು
೨೮ ಜೂನ್

ಗಯಾಸ,

ಆದದ್ದನ್ನು ಆದಂತೆ ಬರೆಯುತ್ತೇನೆ. ಅರ್ಥ ನನಗೆ ಗೊತ್ತಿಲ್ಲ. ಗೊತ್ತಾದರೆ ನೀನು ಬರೆ.

ಗುರುವಾರ ಹೊತ್ತು ಮುಳುಗುವಾಗ ಅಪ್ಪ ಬಾಗಿಲ ಮುಂದೆ ಕೂತಿದ್ದ. ಗುದ್ದಲಿ ಒಳಗೆ ಮೂಲೆಯಲ್ಲಿತ್ತು. ಚಂದ್ರ ಕಂಡಿತೆಂದು ಮಸೀದಿಯ ಕಡೆ ಗದ್ದಲವಾಯಿತು, ಹಲಗೆ ಬಡಿದರು. ಅಪ್ಪ ಏಳಲಿಲ್ಲ. ಹಲಗೆ ಸ್ವಲ್ಪ ಹೊತ್ತು ಬಡಿದು ನಿಂತಿತು.

ನಿಮ್ಮ ಅಬ್ಬಾ ಬಂದರು. ಕುಣಿಗೆ ಕರೆಯಲು ಅವರು ನಮ್ಮ ಮನೆಗೆ ಯಾವತ್ತೂ ಬಂದವರಲ್ಲ. ಕರೆಯುವ ಪ್ರಸಂಗವೇ ಬಂದಿರಲಿಲ್ಲ.

"ಶಾಂತಪ್ಪ, ಆರಾಮಿಲ್ಲೇನು?"

"ಆರಾಮ ಅದೇನಿ ಅಲ್ಲಾಬಕ್ಷಣ್ಣ. ಮಗ ಓದ್ಯಾನ. ಅಂವಾ ಬ್ಯಾಡ ಅಂತಾನ."

ಅಲ್ಲಾಬಕ್ಷ ಕಾಕಾ ನನ್ನ ಕಡೆ ತಿರುಗಿದರು. "ನೀ ಬ್ಯಾಡ ಅಂದಿಯೇನಪಾ?"

"ಬ್ಯಾಡ ಅಂದಿಲ್ರಿ ಕಾಕಾ. ಅದರಾಗ ಬರದದ್ದು ಖರೇ ಅಂದೇನಿ, ಅಷ್ಟ."

"ಎರಡರಾಗ ಫರಕ್ ಏನದ?"

ಫರಕು ಇದೆ. ಇದೆಯೆಂದು ಇವತ್ತಿಗೂ ಅನಿಸುತ್ತದೆ. ಹೇಳಲು ಬರಲಿಲ್ಲ.

ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು. ಭೀಮಾಬಾಯಿ ಸಿಟ್ಟಾದರೆ ಧ್ವನಿ ಇಳಿಯುತ್ತದೆ ಎಂಬುದು ನಿನಗೂ ಗೊತ್ತು.

"ಮಗ ಓದ್ಯಾನ, ಮಗ ಓದ್ಯಾನ. ಅಂವಾ ಓದಿದ್ದು ಈಗ. ನಾ ಹಡದದ್ದು ಮೊದಲ. ಏಳು ವರ್ಷ ಮಕ್ಕಳಿಲ್ಲದಕ್ಕ ಆ ಕುಣಿ ಮುಂದ ಸೆರಗೊಡ್ಡಿ ಬೇಡಿಕೊಂಡು ಹಡದೀನಿ. ಅದು ಸುಳ್ಳಂದ್ರ ಇಂವಾ ಖರೇ ಹೆಂಗ ಆದ? ಕೇಳ್ರಿ ಅವನ್ನ. ಓದ್ಯಾನಲ್ಲ."

ಯಾರೂ ನಗಲಿಲ್ಲ, ಆದರೆ ನಗು ಬರುವಂತಿತ್ತು. ಅಪ್ಪ ನೆಲ ನೋಡಿದ. ಏಳಲಿಲ್ಲ. ಅಪ್ಪನಿಗೆ ನನ್ನ ಮಾತು ಅಷ್ಟು ದೊಡ್ಡದಾಗಿತ್ತು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಅದು ನಾನು ಕಸದ ಬುಟ್ಟಿಯ ಹತ್ತಿರದಿಂದ ಎತ್ತಿದ ಕಾಗದ. ಅದನ್ನು ತಿದ್ದಿದವನು ನಾನು, ಸಾಲು ಬಿಟ್ಟವನು ನಾನು. ಅದನ್ನು ನಂಬಿ ಅಪ್ಪ ಹುಟ್ಟಿದಾಗಿನಿಂದ ತಪ್ಪದ ಸಂಜೆಯೊಂದನ್ನು ಬಿಟ್ಟುಕೊಟ್ಟು ಕೂತಿದ್ದ.

ಕಾಕಾ ಅಂದರು: "ಈ ಮನಿದು ಯಾರರ ಒಬ್ಬರು ಬರಬೇಕಪಾ. ನಿಮ್ಮಪ್ಪ ಬರಂಗಿಲ್ಲಂದ್ರ ನೀ ಬಾ."

"ನಾ ನಂಬಂಗಿಲ್ರಿ ಕಾಕಾ."

"ನಾ ಅದನ್ನ ಕೇಳಲಿಲ್ಲ. ಬರ್ತಿಯೋ ಇಲ್ಲೋ?"

ಒಳಗೆ ಹೋಗಿ ಗುದ್ದಲಿ ತೆಗೆದುಕೊಂಡೆ. ಯಾಕೆ ತೆಗೆದುಕೊಂಡೆ ಎಂದು ಕೇಳಬೇಡ. ಮಾಸ್ತರರು ಮನಸ್ಸಿನಲ್ಲಿ ಎದ್ದು ನಿಂತು ನೋಡುತ್ತಿದ್ದರು. ಅವರ ಕಡೆ ನೋಡದೆ ನಡೆದೆ.

ಕುಣಿ ಅಗೆಯುವ ಜಾಗದಲ್ಲಿ ಜನ ಸೇರಿದ್ದರು. ಒಂದು ಮೂಲೆಗೆ ಅರುಣಕುಮಾರ, ಫೋನ್ ಎತ್ತಿ ಹಿಡಿದಿದ್ದ. ಇನ್ನೊಂದು ಮೂಲೆಗೆ ಮಸೀದಿಯ ಮೆಟ್ಟಿಲ ಹತ್ತಿರ ಯೂನುಸ. ಅವನ ಕೈಯಲ್ಲಿ ಎರಡನೆಯ ಹಾಳೆ, ಇವನ ಫೋನಿನಲ್ಲಿ ಮೊದಲನೆಯದು. ಪಿನ್ನು ಬಿಚ್ಚಿದ ಮೇಲೆ ನನ್ನ ಎರಡೂ ಹಾಳೆಗಳು ಮೊದಲ ಸಲ ಒಂದೇ ಜಾಗದಲ್ಲಿದ್ದವು.

"ಏ ಭಾಷಣ!" ಅರುಣಕುಮಾರ ಕೂಗಿದ. ಮತ್ತೆ ಹಳೆಯ ಹೆಸರು. "ನಿನ್ನ ಕಾಗದ ನೀನ ಓದಿಲ್ಲೇನೋ?"

ಈಗ ಜನ ನಕ್ಕರು. ನಾನೂ ನಗಬೇಕಿತ್ತೇನೋ. ಕಾಕಾ ಲೋಬಾನ ಹಾಕಿ ಕಣ್ಣು ಮುಚ್ಚಿ ಪ್ರಾರ್ಥನೆ ಓದಿದರು. ಅಗೆ ಎಂದು ತಲೆ ಆಡಿಸಿದರು. ನಾನು ಅಗೆದೆ. ಮೊದಲನೆಯ ಏಟು ಕಲ್ಲಿಗೆ ಬಿದ್ದು ಕೈ ಜುಮ್ಮೆಂದಿತು. ಎರಡನೆಯದು ಕಾಲಿನ ಹತ್ತಿರ ಬಿತ್ತು. "ಏ, ಪಾದಾ ಕಡಕೊಂಡೀಯಪಾ" ಅಂತ ಮುದುಕರೊಬ್ಬರು ಚೀರಿದರು. ಐದು ಏಟು ಬಿದ್ದಮೇಲೆ ಬೇರೆಯವರು ಇಳಿದರು, ಹಲಗೆ ಶುರುವಾಯಿತು. ಅರುಣಕುಮಾರನ ತಂಗಿಯೂ ತನ್ನ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಅವನು ಅದನ್ನು ನೋಡಿ ಫೋನ್ ಜೇಬಿಗಿಟ್ಟ. ಯೂನುಸ ಯಾವಾಗ ಹೋದನೋ ನೋಡಲಿಲ್ಲ.

ಮನೆಗೆ ಬಂದಾಗ ಅಪ್ಪ ಅಲ್ಲೇ ಕೂತಿದ್ದ.

"ಹಂಗಾರ ಕಾಗದಾ ಸುಳ್ಳೇನು?"

ಇಷ್ಟು ಸುಲಭವಾಗಿ ಕೇಳಿದ. "ಹೌದು" ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ನಿನ್ನ ಹಾಗೆ ಹೇಳಿಬಿಡೋಣ ಅಂದುಕೊಂಡೆ.

"ಖರೇ ಅದಪ್ಪ."

ಅಪ್ಪ ನನ್ನ ಮಣ್ಣಾದ ಕಾಲು ನೋಡಿದ. "ಹಂಗಾರ ನೀನು?"

ಒಳಗೆ ಹೋಗಿ ಮಲಗಿದೆ.

ಮರುದಿನ, ಅಂದರೆ ನಿನ್ನೆ, ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಪ್ಪ ಮನೆಯಲ್ಲಿರಲಿಲ್ಲ. ಗುದ್ದಲಿಯೂ ಇರಲಿಲ್ಲ. ಹುಡುಕಿಕೊಂಡು ಹೋದೆ. ಕುಣಿಯೊಳಗೆ ಮೊಣಕಾಲ ಮಟ್ಟ ಇಳಿದು ನಿಂತು ಅಂಚು ಕೆತ್ತುತ್ತಿದ್ದ. ನಿಮ್ಮ ಅಬ್ಬಾ ಮೇಲೆ ಕೂತು ಬೀಡಿ ಸೇದುತ್ತಿದ್ದರು.

ನನ್ನನ್ನು ನೋಡಿ ಅಪ್ಪ ತಲೆ ಎತ್ತಲಿಲ್ಲ. "ಸೊಟ್ಟ ಅಗದಿ" ಅಂದ. "ಇದರಾಗ ಬೆಂಕಿ ನಿಂದ್ರಂಗಿಲ್ಲ. ಇಳಿ ಕೆಳಗ. ಆ ಮಣ್ಣು ಎತ್ತು."

ಇಳಿದೆ.

ಹೀಗೆ ನಿನ್ನ ಗೆಳೆಯ,
ಚೇತನ